ಆರು ಸಲ ಎರಡನೆಯವನು

ನಮ್ಮ ಉತ್ತರ ಕರ್ನಾಟಕದ ಕಡೆಗೆ ಅಡ್ಡಹೆಸರುಗಳಿಗೇನು ಬರವೆ? ಬೆಲ್ಲದ ಎನ್ನುವವರಿದ್ದಾರೆ, ಉಪ್ಪಿನ ಎನ್ನುವವರಿದ್ದಾರೆ, ಮೆಣಸಿನಕಾಯಿ ಎನ್ನುವವರೂ ಇದ್ದಾರೆ. ಹಿರಿಯರು ಕಿರಾಣಿ ಅಂಗಡಿಯ ಯಾದಿಯನ್ನು ಮುಂದಿಟ್ಟುಕೊಂಡೇ ಮನೆತನಗಳಿಗೆ ಹೆಸರು ಹಂಚಿದರೋ ಏನೋ ಎಂದು ಪರಸ್ಥಳದವರು ನಗುವುದುಂಟು. ಆದರೆ ಏಳು ಸಮುದ್ರದಾಚೆಯ ಹಾಲೆಂಡ್ ದೇಶದಲ್ಲಿಯೂ ಇಂಥ ಹೆಸರುಗಳಿವೆಯೆಂಬುದು ನಮಗೆ ತಿಳಿದದ್ದು ಈಚೆಗೆ. ಅಲ್ಲಿ ಒಬ್ಬ ಪ್ರಸಿದ್ಧ ಸೈಕಲ್ ಸವಾರನಿದ್ದಾನೆ. ಹೆಸರು ಯೋಪ್ ಝೂಟೆಮೆಲ್ಕ್. ಡಚ್ ಭಾಷೆಯಲ್ಲಿ 'ಝೂಟೆ' ಎಂದರೆ ಸಿಹಿ, 'ಮೆಲ್ಕ್' ಎಂದರೆ ಹಾಲು. ಈತ ಜಮಖಂಡಿಯಲ್ಲಿ ಹುಟ್ಟಿದ್ದರೆ ಹಾಲಿನವರ ಯೋಪಣ್ಣ ಎಂದು ಕರೆಯಿಸಿಕೊಳ್ಳುತ್ತಿದ್ದನೆಂಬುದರಲ್ಲಿ ಸಂಶಯವಿಲ್ಲ.

ಈತನ ಪರಿಚಯ ನಮಗಾದ ಬಗೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. 2026ರ ಜನವರಿಯಲ್ಲಿ ನಮ್ಮ ಪುಣೆ ಜಿಲ್ಲೆಯಲ್ಲಿ 'ಪುಣೆ ಗ್ರ್ಯಾಂಡ್ ಟೂರ್' ಎಂಬ ಅಂತರರಾಷ್ಟ್ರೀಯ ಸೈಕಲ್ ಪಂದ್ಯ ನಡೆಯಿತಷ್ಟೆ. ಅದರ ನೆವದಿಂದ ಎಷ್ಟೋ ರಸ್ತೆಗಳಿಗೆ ಹೊಸ ಡಾಂಬರು ಬಿದ್ದಿತೆಂಬುದು ನಾಗರಿಕರಿಗೆಲ್ಲ ನೆನಪಿರಬೇಕು. ನಾವೂ ಒಂಬತ್ತು ವರ್ಷದ ಚಿರಂಜೀವಿಯನ್ನು ಕರೆದುಕೊಂಡು ಹೋಗಿ ರಸ್ತೆಯ ಅಂಚಿನಲ್ಲಿ ಎರಡು ತಾಸು ನಿಂತೆವು. ಮೊದಲು ಪೋಲೀಸರ ಮೋಟಾರು ಸೈಕಲ್ಲುಗಳು ಬಂದವು, ಆಮೇಲೆ ಕಾರುಗಳು ಬಂದವು, ಆಮೇಲೆ ಜೇನುಹುಳಗಳ ಹಿಂಡಿನಂತೆ ಝೇಂಕರಿಸುತ್ತ ಸವಾರರು ಬಂದರು, ಬಂದರೆನ್ನುವಷ್ಟರಲ್ಲಿ ಹೋದರು. ಅರ್ಧ ನಿಮಿಷದ ದರ್ಶನ! ದೇವಸ್ಥಾನದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲಲು ಬಿಡುತ್ತಾರೆ. ಮನೆಗೆ ಮರಳುವಾಗ ಚಿರಂಜೀವಿ ಕೇಳಿದ: "ಅಪ್ಪಾ, ಎರಡನೇ ನಂಬರ ಬಂದವರಿಗೆ ಏನ ಕೊಡ್ತಾರ?" ಉತ್ತರ ನಮಗೆ ತಿಳಿಯದು. ಆದರೆ ಎರಡನೆಯವರ ವಿಷಯದಲ್ಲಿ ನಮಗೂ ಆಗ ವಿಶೇಷವಾದ ಆಸ್ಥೆಯಿತ್ತು. ಏಕೆಂಬುದನ್ನು ಮುಂದೆ ಹೇಳುವೆವು. ಜಗತ್ತಿನಲ್ಲಿ ಅತಿ ಹೆಚ್ಚು ಸಲ ಎರಡನೆಯವನಾದ ಸವಾರ ಯಾರೆಂದು ಹುಡುಕುತ್ತ ಹೊರಟಾಗ ಈ ಸಿಹಿಹಾಲಿನವನು ಸಿಕ್ಕಿದ.

ಹಾಲೆಂಡ್ ಎಂಬುದು ಲಟ್ಟಿಸಿದ ಚಪಾತಿಯಂಥ ಸಪಾಟು ದೇಶ. ಸುಮಾರು ಕಾಲು ಪಾಲು ನೆಲ ಸಮುದ್ರದ ಮಟ್ಟಕ್ಕಿಂತಲೂ ಕೆಳಗಿದೆ. ಅಲ್ಲಿ ಸವಾರನ ಎದುರಿಗೆ ಗುಡ್ಡ ಬರುವುದಿಲ್ಲ, ಗಾಳಿ ಬರುತ್ತದೆ. ಜನರ ಸಂಖ್ಯೆಗಿಂತ ಸೈಕಲ್ಲುಗಳ ಸಂಖ್ಯೆಯೇ ಹೆಚ್ಚು. ಪ್ರಧಾನಮಂತ್ರಿಯಾಗಿದ್ದವರೂ ಸೈಕಲ್ಲಿನ ಮೇಲೆ ಕಚೇರಿಗೆ ಹೋದದ್ದುಂಟು. ನಮ್ಮ ಪುಣೆಯೂ ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ಪಿಂಪ್ರಿ, ಚಿಂಚವಾಡ, ಆಕುರ್ಡಿಗಳಲ್ಲಿ ಪಾಳಿ ಮುಗಿದಾಗ ಕಾರ್ಖಾನೆಗಳ ಗೇಟಿನಿಂದ ಸೈಕಲ್ಲುಗಳು ಹೊಳೆ ಹರಿದಂತೆ ಹೊರಬೀಳುತ್ತಿದ್ದವೆಂದು ನಮ್ಮ ತಂದೆಯವರು ಈಗಲೂ ಹೇಳುತ್ತಾರೆ. ಆಮೇಲೆ ಇದೇ ಆಕುರ್ಡಿಯಲ್ಲಿ ತಯಾರಾದ ಬಜಾಜ್ ಸ್ಕೂಟರುಗಳೇ ಆ ಹೊಳೆಯನ್ನು ಬತ್ತಿಸಿದವು.

ಯೋಪ್ ಹುಟ್ಟಿದ್ದು 1946ರ ಡಿಸೆಂಬರ್ 3ರಂದು, ಹೇಗ್ ನಗರದಲ್ಲಿ. ಬೆಳೆದದ್ದು ರೈಪ್‌ವೆಟರಿಂಗ್ ಎಂಬ ಹಳ್ಳಿಯಲ್ಲಿ. ಹುಡುಗ ಕಲಿತ ಕಸಬು ಬಡಿಗತನ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುವ ಆಟದಲ್ಲಿ ಆತ ಗಟ್ಟಿಗ. ಕಾಲಿನ ಬಲ ಅಲ್ಲಿಂದ ಬಂತು. 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ನಾಲ್ವರು ಕೂಡಿ 100 ಕಿಲೋಮೀಟರು ಓಡಿಸುವ ಪಂದ್ಯದಲ್ಲಿ ಹಾಲೆಂಡಿಗೆ ಬಂಗಾರದ ಪದಕ ಬಂತು. ಆ ನಾಲ್ವರಲ್ಲಿ ಈತನೊಬ್ಬ. ಮರುವರ್ಷ ಹವ್ಯಾಸಿ ತರುಣರ ಫ್ರಾನ್ಸ್ ಪ್ರದಕ್ಷಿಣೆ ಎನ್ನಬಹುದಾದ ಟೂರ್ ದ ಲಾವೆನೀರ್ ಗೆದ್ದ. 1970ರಲ್ಲಿ ಬಡಿಗತನದ ಉಳಿ-ಬಾಚಿಗಳನ್ನು ಮೂಲೆಗಿಟ್ಟು ಸೈಕಲ್ಲನ್ನೇ ಹೊಟ್ಟೆಪಾಡಿನ ಉದ್ಯೋಗವಾಗಿ ಹಿಡಿದ.

ಇಲ್ಲಿ 'ಟೂರ್ ದ ಫ್ರಾನ್ಸ್' ಎಂದರೇನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳದಿದ್ದರೆ ಮುಂದಿನ ಕಥೆ ತಲೆಗೆ ಹತ್ತದು. 1903ರಲ್ಲಿ ಒಂದು ಪತ್ರಿಕೆಯವರು ತಮ್ಮ ಪತ್ರಿಕೆ ಹೆಚ್ಚು ಖರ್ಚಾಗಲೆಂದು ಹೂಡಿದ ಪಂದ್ಯವಿದು. ಆ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಆದುದರಿಂದಲೇ 1919ರಿಂದ ಮುಂದಾಳು ಸವಾರನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಬಂದಿತು. ಮೂರು ವಾರಗಳ ಕಾಲ, ದಿನಕ್ಕೊಂದು ಮಜಲಿನಂತೆ ಮೂರೂವರೆ-ನಾಲ್ಕು ಸಾವಿರ ಕಿಲೋಮೀಟರು. ಪಿಂಪ್ರಿಯಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಎರಡು ಸಲ ಬಂದಷ್ಟು. ನಡುವೆ ಆಲ್ಪ್ಸ್ ಮತ್ತು ಪಿರೆನೀಸ್ ಪರ್ವತಗಳು. ಪ್ರತಿದಿನದ ವೇಳೆಯನ್ನು ಕೂಡಿಸುತ್ತ ಹೋಗುತ್ತಾರೆ. ಕೊನೆಗೆ ಯಾರ ಒಟ್ಟು ವೇಳೆ ಕಡಿಮೆಯೋ ಅವನೇ ಗೆದ್ದವನು. ಒಂದೂ ಮಜಲು ಗೆಲ್ಲದೆ ಪಂದ್ಯ ಗೆಲ್ಲಬಹುದು, ಐದಾರು ಮಜಲು ಗೆದ್ದೂ ಸೋಲಬಹುದು.

ಇನ್ನೊಂದು ಸೂಕ್ಷ್ಮವುಂಟು. ತಾಸಿಗೆ 40 ಕಿಲೋಮೀಟರು ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದರಲ್ಲಿಯೇ ಮುಗಿಯುತ್ತದೆ. ಮುಂದಿನವನ ಚಕ್ರಕ್ಕೆ ಗೇಣಿನಷ್ಟು ಹತ್ತಿರ ತನ್ನ ಚಕ್ರವನ್ನಿಟ್ಟುಕೊಂಡು ಹೋದರೆ ಹಿಂದಿನವನಿಗೆ ಆ ಶ್ರಮದಲ್ಲಿ ಮೂರರಲ್ಲೊಂದು ಪಾಲಾದರೂ ಉಳಿಯುತ್ತದೆ. ಆದುದರಿಂದ ತಂಡದಲ್ಲಿ ಒಬ್ಬ ಯಜಮಾನ. ಉಳಿದವರೆಲ್ಲ ಅವನಿಗೆ ಗಾಳಿ ತಡೆಯುವವರು, ನೀರಿನ ಬಾಟಲಿ ತಂದುಕೊಡುವವರು, ಅವನ ಚಕ್ರ ಪಂಕ್ಚರ್ ಆದರೆ ತಮ್ಮದನ್ನು ಬಿಚ್ಚಿಕೊಡುವವರು. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ.

ಡಚ್ಚರಿಗೂ ಈ ಪಂದ್ಯಕ್ಕೂ ಹಳೆಯ ನಂಟು. 1951ರಲ್ಲಿ ವಿಮ್ ವಾನ್ ಎಸ್ಟ್ ಎಂಬವನು ಮೊದಲ ಸಲ ಹಾಲೆಂಡಿಗೆ ಹಳದಿ ಅಂಗಿ ತಂದ. ಗುಡ್ಡ ಕಂಡರಿಯದ ನಾಡಿನವನು, ಪಾಪ! ಮರುದಿನವೇ ಪಿರೆನೀಸ್ ಪರ್ವತದ ಓಬಿಸ್ಕ್ ಘಾಟು ಇಳಿಯುವಾಗ ತಿರುವಿನಲ್ಲಿ ಜಾರಿ ಎಪ್ಪತ್ತು ಮೀಟರಿನಷ್ಟು ಆಳದ ಕಮರಿಗೆ ಬಿದ್ದ. ಬದುಕಿದ್ದೇ ಹೆಚ್ಚು. ಎಳೆದುಕೊಳ್ಳಲು ತಂದ ಹಗ್ಗ ಸಾಲದೆ ಹೋಯಿತು. ಆಗ ತಂಡದವರು ತಮ್ಮಲ್ಲಿದ್ದ ಸೈಕಲ್ ಟಾಯರುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಇಳಿಬಿಟ್ಟು ಅವನನ್ನು ಮೇಲೆಳೆದರು. ಎಳೆದ ಭರಕ್ಕೆ ಟಾಯರುಗಳೆಲ್ಲ ಹಿಗ್ಗಿ ಗಾಲಿಗೆ ಕೂಡದಂತಾದವು. ಇಡೀ ತಂಡ ಊರಿಗೆ ಮರಳಿತು. ಅವನ ಕೈಯಲ್ಲಿದ್ದ ಗಡಿಯಾರ ಮಾತ್ರ ನಿಂತಿರಲಿಲ್ಲವಂತೆ; ಗಡಿಯಾರದ ಕಂಪನಿಯವರು ಅದನ್ನೇ ಜಾಹೀರಾತು ಮಾಡಿಕೊಂಡರು. ಖೋಪೋಲಿಯಿಂದ ಖಂಡಾಳೆಗೆ ಬೋರಘಾಟು ಹತ್ತಿ ಇಳಿದವರಿಗೆ ಈ ಕಥೆಯ ರುಚಿ ಹೆಚ್ಚು ಹತ್ತುತ್ತದೆ. 1945ರಲ್ಲಿ ಆರಂಭವಾದ ಮುಂಬಯಿ-ಪುಣೆ ಸೈಕಲ್ ಪಂದ್ಯದವರು ಅದೇ ಘಾಟು ಹತ್ತಿ, ನಮ್ಮ ನಿಗಡಿ-ಆಕುರ್ಡಿ-ಚಿಂಚವಾಡಗಳ ಮೇಲಿನ ಹಳೆಯ ಹೆದ್ದಾರಿಯಲ್ಲಿಯೇ ಪುಣೆಗೆ ಬರುವವರು. ಘಾಟನ್ನು ಮೊದಲು ಏರಿದವನಿಗೆ 'ಘಾಟಿನ ರಾಜ'ನೆಂಬ ಬಿರುದು.

1968ರಲ್ಲಿ ಯಾನ್ ಯಾನ್ಸೆನ್ ಎಂಬವನು ಕೊನೆಯ ದಿನ, ಕೇವಲ 38 ಸೆಕೆಂಡುಗಳ ಅಂತರದಿಂದ ಟೂರ್ ಗೆದ್ದು ಹಾಲೆಂಡಿನ ಮೊದಲ ವಿಜಯಿಯಾದ. ಎರಡು ವರ್ಷದ ಮೇಲೆ ಹೊಸಬನಾದ ನಮ್ಮ ಯೋಪ್ ಬಂದ. ಬಂದ ಮೊದಲ ವರ್ಷವೇ ಎರಡನೆಯವನಾದ. ಊರವರಿಗೆಲ್ಲ ಎಷ್ಟು ಸಂತೋಷವಾಗಿರಬೇಕು! ಇಪ್ಪತ್ತಮೂರರ ಹುಡುಗ, ಇಂದು ಎರಡು ಎಂದರೆ ನಾಳೆ ಒಂದು ಎಂಬುದು ಲೋಕದ ಲೆಕ್ಕ. ಆದರೆ ಮೊದಲನೆಯವನಾಗಿ ಕುಳಿತವನು ಬೆಲ್ಜಿಯಮ್ಮಿನ ಎಡ್ಡಿ ಮೆರ್ಕ್ಸ್. ಈ ಮೆರ್ಕ್ಸ್ ಎಂಬವನು ಕ್ರಿಕೆಟ್ಟಿಗೆ ಬ್ರಾಡ್ಮನ್ ಹೇಗೋ ಸೈಕಲ್ಲಿಗೆ ಹಾಗೆ. 1970ರಲ್ಲಿ ಅವನಿಗೂ ಯೋಪನಿಗೂ ನಡುವೆ ಇದ್ದ ಅಂತರ 12 ನಿಮಿಷ 41 ಸೆಕೆಂಡು. 1971ರಲ್ಲಿ ಮತ್ತೆ ಎರಡನೆಯವನು. ಅಂತರ 9 ನಿಮಿಷ 51 ಸೆಕೆಂಡು. ಮೂರೇ ನಿಮಿಷದ ಪ್ರಗತಿ.

ಆ 1971ರ ಪಂದ್ಯದಲ್ಲಿ ನಡೆದುದೊಂದು ಸಂಗತಿ ನೆನಪಿಡತಕ್ಕದ್ದು. ಸ್ಪೇನಿನ ಲೂಯಿಸ್ ಒಕಾನ್ಯಾ ಎಂಬವನು ಮೆರ್ಕ್ಸನನ್ನೂ ಹಿಂದೆ ಹಾಕಿ ಹಳದಿ ಅಂಗಿ ತೊಟ್ಟಿದ್ದ. ಪಿರೆನೀಸಿನ ಒಂದು ಘಾಟು ಇಳಿಯುವಾಗ ಆಲಿಕಲ್ಲಿನ ಮಳೆ ಸುರಿದು ರಸ್ತೆಯೇ ಹಳ್ಳವಾಯಿತು. ಒಕಾನ್ಯಾ ಬಿದ್ದ. ಏಳುವಷ್ಟರಲ್ಲಿ ಹಿಂದಿನಿಂದ ಬಂದು ಅವನಿಗೆ ಹಾಯ್ದವರಲ್ಲಿ ನಮ್ಮ ಯೋಪನೂ ಒಬ್ಬ. ಒಕಾನ್ಯಾನನ್ನು ಆಸ್ಪತ್ರೆಗೆ ಒಯ್ದರು. ಮುಂದಾಳುತನ ಮೆರ್ಕ್ಸನ ಪಾಲಿಗೆ ಬಂತು. ಮೆರ್ಕ್ಸ್ ಮರುದಿನ ಹಳದಿ ಅಂಗಿ ತೊಡಲಿಲ್ಲ. ಬಿದ್ದವನ ಅಂಗಿ ತನಗೆ ಬೇಡವೆಂದ. ಯೋಪ್ ಇದನ್ನು ಕಣ್ಣಾರೆ ಕಂಡ.

ಎರಡು ಸಲ ಎರಡನೆಯವನಾದ ಮೇಲೆ ಜನ ನಗತೊಡಗಿದರು. ಯೋಪನ ಮೈ ಬಿಸಿಲಿಗೆ ಕಂದುವುದಿಲ್ಲವೇಕೆ? ಸದಾ ಮೆರ್ಕ್ಸನ ನೆರಳಿನಲ್ಲಿಯೇ ಇರುತ್ತಾನಲ್ಲ! ಈ ಚೇಷ್ಟೆ ಯುರೋಪಿನಲ್ಲೆಲ್ಲ ಹರಡಿತು. ಹಿಂದಿನ ಚಕ್ರಕ್ಕೆ ಜಿಗಣೆಯಂತೆ ಅಂಟಿಕೊಳ್ಳುವವನು, ಮುಂದೆ ನುಗ್ಗುವ ಎದೆಗಾರಿಕೆಯಿಲ್ಲದವನು ಎಂದು ಪತ್ರಿಕೆಗಳವರು ಬರೆದರು. ಮೆರ್ಕ್ಸನ ಹಿಂದೆ ಅಂಟಿಕೊಂಡು ಬರುವುದಕ್ಕಾದರೂ ಎಷ್ಟು ಜನರಿಂದ ಆಗುತ್ತಿತ್ತೆಂದು ಯಾರೂ ಎಣಿಸಿದಂತೆ ಕಾಣೆವು. 1973ರ ಟೂರ್ ಆತ ಹುಟ್ಟಿದ ಹೇಗ್ ನಗರದ ಸಮುದ್ರದಂಡೆಯಿಂದಲೇ ಹೊರಟಿತು. ಮೊದಲ ದಿನದ ಕಿರು ಓಟವನ್ನು ಯೋಪನೇ ಗೆದ್ದು ತವರಿನವರ ಎದುರಿಗೆ ಹಳದಿ ಅಂಗಿ ತೊಟ್ಟ. ಆ ವರ್ಷ ಕೊನೆಗೆ ನಾಲ್ಕನೆಯವನಾದ.

1974 ಆತನ ವರ್ಷವಾಗಬೇಕಾಗಿತ್ತು. ವಸಂತದಲ್ಲಿ ಪ್ಯಾರಿಸ್-ನೀಸ್ ಪಂದ್ಯ ಗೆದ್ದ. ಸ್ವಿಟ್ಜರ್ಲೆಂಡಿನ ರೊಮಾಂಡಿ ಗೆದ್ದ. ಆಮೇಲೆ ದಕ್ಷಿಣ ಫ್ರಾನ್ಸಿನ ಮಿದಿ ಲೀಬ್ರ್ ಪಂದ್ಯದಲ್ಲಿ, ಮಜಲು ಮುಗಿಯುವ ವಾಲ್ರಾಸ್ ಎಂಬ ಊರಿನಲ್ಲಿ, ಯಾರೋ ಪ್ರವಾಸಿ ದಾರಿಯಲ್ಲಿ ನಿಲ್ಲಿಸಿ ಹೋಗಿದ್ದ ಕಾರಿಗೆ ಡಿಕ್ಕಿ ಹೊಡೆದ. ತಲೆಬುರುಡೆ ಒಡೆಯಿತು. ಅದರ ಬೆನ್ನಿಗೆ ಮಿದುಳಿನ ಪೊರೆಯ ಬಾವು ಬಂದು ಪ್ರಾಣಕ್ಕೇ ಕುತ್ತಾಗಿತ್ತು. ಬದುಕಿ ಉಳಿದ, ಆದರೆ ನಾಲಗೆಯ ರುಚಿ ಮೊದಲಿನಂತೆ ಮರಳಿ ಬರಲಿಲ್ಲ. ಸಿಹಿಹಾಲಿನ ಹೆಸರಿನವನಿಗೆ ಸಿಹಿಯ ರುಚಿ ಹತ್ತದಂತಾದದ್ದು ಎಂಥ ವಿಧಿ ವಿಲಾಸವೋ! ಆ ಗಾಯದ ಮೇಲೆಯೂ 1975ರಲ್ಲಿ ಪ್ಯಾರಿಸ್-ನೀಸ್ ಮತ್ತೆ ಗೆದ್ದು, ಟೂರ್‌ನಲ್ಲಿ ನಾಲ್ಕನೆಯವನಾದನೆಂದರೆ ನಂಬಬೇಕಾಗುತ್ತದೆ, ಏಕೆಂದರೆ ದಾಖಲೆಯಿದೆ.

1976ಕ್ಕೆ ಮೆರ್ಕ್ಸ್ ಟೂರ್‌ಗೆ ಬರಲಿಲ್ಲ. ಹಾದಿ ತೆರವಾಯಿತೆಂದು ಎಲ್ಲರೂ ಎಣಿಸಿದರು. ಆ ವರ್ಷ ಯೋಪ್ ಮೂರು ಪರ್ವತದ ಮಜಲುಗಳನ್ನು ಗೆದ್ದ. ಅದರಲ್ಲೊಂದು ಆಲ್ಪ್ ದ್ಯುಯೆಜ್. 21 ತಿರುವುಗಳ, ಹದಿನಾಲ್ಕು ಕಿಲೋಮೀಟರಿನಷ್ಟು ಉದ್ದದ ಏರು. ಸೋಜಿಗವೆಂದರೆ 1976ರಿಂದ 1989ರ ವರೆಗೆ ಈ ಗುಡ್ಡದ ಮೇಲೆ ಡಚ್ಚರು ಎಂಟು ಸಲ ಗೆದ್ದರು. ಗುಡ್ಡವೇ ಇಲ್ಲದ ದೇಶದವರು ಪರರಾಜ್ಯದ ಗುಡ್ಡವನ್ನು ತಮ್ಮದನ್ನಾಗಿ ಮಾಡಿಕೊಂಡರು. 'ಡಚ್ಚರ ಗುಡ್ಡ' ಎಂದೇ ಅದಕ್ಕೆ ಹೆಸರಾಯಿತು. ಆ ತಿರುವುಗಳಿಗೆ ಗೆದ್ದವರ ಹೆಸರಿನ ಫಲಕಗಳಿವೆ, ಯೋಪನದೂ ಉಂಟು. ಅಷ್ಟೆಲ್ಲ ಗೆದ್ದರೂ ಒಟ್ಟು ಲೆಕ್ಕದಲ್ಲಿ ಬೆಲ್ಜಿಯಮ್ಮಿನ ಲೂಸಿಯೆನ್ ವಾನ್ ಇಂಪ್ ಎಂಬ ಕುಳ್ಳ ಸವಾರ 4 ನಿಮಿಷ 14 ಸೆಕೆಂಡು ಮುಂದಿದ್ದ. ಮತ್ತೆ ಎರಡು.

ಆಮೇಲೆ ಬಂದವನು ಫ್ರಾನ್ಸಿನ ಬರ್ನಾರ್ ಈನೋ. ಮೆರ್ಕ್ಸ್ ಹೋದನೆಂದು ನಿಟ್ಟುಸಿರು ಬಿಡುವುದರೊಳಗೆ ಇವನು ವಕ್ಕರಿಸಿದ. ನಮ್ಮ ಯೋಪನಿಗಿಂತ ಎಂಟು ವರ್ಷ ಚಿಕ್ಕವನು. 1978ರಲ್ಲಿ ಮುಂದಾಳಾಗಿದ್ದ ಬೆಲ್ಜಿಯಮ್ಮಿನವನೊಬ್ಬ ಮೂತ್ರಪರೀಕ್ಷೆಯಲ್ಲಿ ಕಂಕುಳಲ್ಲಿ ರಬ್ಬರಿನ ಚೆಂಡಿಟ್ಟು ಬೇರೆಯವರದನ್ನು ಹಿಂಡಿ ಕೊಡಲು ಹೋಗಿ ಸಿಕ್ಕುಬಿದ್ದ. ಅವನನ್ನು ಓಡಿಸಿದರು, ಹಳದಿ ಅಂಗಿ ಯೋಪನಿಗೆ ಬಂತು. ಕೆಲವು ದಿನ ತೊಟ್ಟ. ಕೊನೆಯ ವಾರದ ಒಂಟಿ ಓಟದಲ್ಲಿ ಈನೋ ಅದನ್ನು ಕಸಿದುಕೊಂಡ. 1979ರಲ್ಲಿ ಯೋಪ್ ಸ್ಪೇನ್ ದೇಶದ ಪ್ರದಕ್ಷಿಣೆಯನ್ನು ಗೆದ್ದುಬಂದ. ಟೂರ್‌ನಲ್ಲಿ ಮಾತ್ರ ಅದೇ ಈನೋ, ಅದೇ ಎರಡು. ಕೊನೆಯ ದಿನ ಪ್ಯಾರಿಸ್ಸಿನ ಬೀದಿಗಳಲ್ಲಿ, ಉಳಿದವರೆಲ್ಲ ವಿಹಾರಕ್ಕೆ ಬಂದಂತೆ ಹೋಗುತ್ತಿದ್ದಾಗ, ಇವರಿಬ್ಬರೇ ಗುಂಪು ಬಿಟ್ಟು ಮುಂದೆ ಓಡಿದರು. ಗೆರೆಯ ಹತ್ತಿರ ಗೆದ್ದವನು ಯಾರೆಂದು ಕೇಳುವಿರಾ? ಈನೋ.

ಇಲ್ಲಿ ಮರೆಮಾಚಲಾಗದ ಒಂದು ಮಾತಿದೆ. 1977ರಲ್ಲಿ, 1979ರಲ್ಲಿ ಮತ್ತು 1983ರಲ್ಲಿ ಯೋಪ್ ನಿಷಿದ್ಧ ಔಷಧ ಸೇವಿಸಿದ್ದು ಪರೀಕ್ಷೆಯಲ್ಲಿ ಹೊರಬಿತ್ತು. ಅಂದಿನ ಕಾನೂನು ಇಂದಿನಷ್ಟು ಬಿಗಿಯಾಗಿರಲಿಲ್ಲ. 1979ರ ತಪ್ಪಿಗೆ ಹತ್ತು ನಿಮಿಷ ದಂಡ ಕೂಡಿಸಿದರು. ಸೋತ ಮೂರು ನಿಮಿಷ ಏಳು ಸೆಕೆಂಡು ಹದಿಮೂರು ನಿಮಿಷ ಏಳು ಸೆಕೆಂಡು ಆಯಿತು. ಆದರೂ ಆತನೇ ಎರಡನೆಯವನು! ಮೂರನೆಯವನು ಅಷ್ಟು ಹಿಂದೆ ಉಳಿದಿದ್ದ. ಅಂದಿನ ಎಷ್ಟೋ ಸವಾರರು ಇದೇ ದಾರಿ ಹಿಡಿದಿದ್ದರೆಂಬುದು ನಿಜ. ಅದರಿಂದ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ. ಈತನ ಮೇಲೆ ನಮಗಿರುವ ಪ್ರೀತಿಯಲ್ಲಿ ಅಷ್ಟನ್ನು ಕಳೆದೇ ನಾವು ಲೆಕ್ಕ ಹಿಡಿದಿದ್ದೇವೆ.

1980ಕ್ಕೆ ಯೋಪ್ 33 ವರ್ಷದವನು, ಐದು ಸಲ ಎರಡನೆಯವನು. ಆ ವರ್ಷ ಟಿ.ಐ.-ರ್‍ಯಾಲೇ ಎಂಬ ತಂಡ ಸೇರಿದ. ಪೀಟರ್ ಪೋಸ್ಟ್ ಎಂಬ ಡಚ್ಚನು ನಡೆಸುತ್ತಿದ್ದ ಬಲು ಶಿಸ್ತಿನ ತಂಡ. ಈ ಹೆಸರು ನಮ್ಮ ಹಿರಿಯ ವಾಚಕರಿಗೆ ಹೊಸದಲ್ಲ. ರ್‍ಯಾಲೇ ಎಂದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸೈಕಲ್ ಕಂಪನಿ. ಅದರ ಸಹಯೋಗದಿಂದಲೇ ಆಸನ್‌ಸೋಲ್‌ನಲ್ಲಿ ಸೆನ್-ರ್‍ಯಾಲೇ ಕಾರ್ಖಾನೆಯಾದದ್ದು. ಟಿ.ಐ. ಎಂದರೆ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್, 1960ರಲ್ಲಿ ರ್‍ಯಾಲೇಯನ್ನು ಕೊಂಡ ಕಂಪನಿ. ಅದು ಮುರುಗಪ್ಪ ಮನೆತನದವರೊಡನೆ ಕೂಡಿ 1949ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದಲೇ ಹರ್ಕ್ಯುಲಿಸ್ ಸೈಕಲ್ಲು ಬಂದದ್ದು. ನಮ್ಮ ತಂದೆಯವರು ಬಾಗಲಕೋಟೆಯ ಕಡೆಯಿಂದ ಪಿಂಪ್ರಿಯ ಕಾರ್ಖಾನೆಗೆ ಬಂದು ಸೇರಿದ್ದು ಅದೇ 1980ರಲ್ಲಿ. ಮೊದಲ ಬೋನಸ್ಸಿನಲ್ಲಿ ಕೊಂಡದ್ದು ಒಂದು ಹಸಿರು ಹರ್ಕ್ಯುಲಿಸ್. ಅದು ಈಗಲೂ ನಮ್ಮ ಕಟ್ಟಡದ ಕೆಳಗೆ, ಕಾರುಗಳ ನಡುವೆ, ಸೊಸಾಯಿಟಿಯವರ ನೋಟೀಸುಗಳಿಗೆ ಜಗ್ಗದೆ ನಿಂತಿದೆ. ಯೋಪನ ಸೈಕಲ್ಲಿಗೂ ಅದಕ್ಕೂ ದೂರದ ದಾಯಾದಿತನ ಉಂಟೆಂದು ಕೇಳಿದಾಗ ತಂದೆಯವರು, "ಹಂಗಾದ್ರ ಅವ್ನ ಸೈಕಲ್ಲಿಗೂ ಕ್ಯಾರಿಯರ್ ಇತ್ತೇನು?" ಎಂದರು. ಇರಲಿಲ್ಲವೆಂದಾಗ ಅವರಿಗೆ ಆ ಸೈಕಲ್ಲಿನ ಮೇಲೆ ಗೌರವ ಕಡಿಮೆಯಾಯಿತು. ಡಬ್ಬಿ ಎಲ್ಲಿ ಇಡಬೇಕು?

ಆ ಟೂರ್‌ನಲ್ಲಿ ಈನೋ ಮೊದಲ ವಾರವೇ ಮಳೆಯಲ್ಲಿ ನೆನೆದ ಕಲ್ಲುಹಾಸಿನ ರಸ್ತೆಗಳಲ್ಲಿ ಬಿರುಸಿನಿಂದ ಓಡಿಸಿದ. ಮೊಳಕಾಲು ನೋಯತೊಡಗಿತು. ಆದರೂ ಹನ್ನೆರಡನೆಯ ಮಜಲು ಮುಗಿದು ಪೋ ಎಂಬ ಊರಿಗೆ ಬಂದಾಗ ಹಳದಿ ಅಂಗಿ ಅವನ ಮೈಮೇಲೇ ಇತ್ತು. ಯೋಪ್ ಎರಡನೆಯವನು, ಕೇವಲ 21 ಸೆಕೆಂಡು ಹಿಂದೆ. ಎದುರಿಗೆ ಪಿರೆನೀಸ್ ಪರ್ವತ. ಆ ರಾತ್ರಿ ಈನೋ ಪಂದ್ಯ ಬಿಟ್ಟು ಹೊರಟುಹೋದ. ಬೆಳಗಾದಾಗ ಮೊದಲನೆಯವನು ಇರಲಿಲ್ಲ. ಹಳದಿ ಅಂಗಿ ತಂದು ಯೋಪನ ಮುಂದೆ ಹಿಡಿದರು. ಹತ್ತು ವರ್ಷ ಕಾಯ್ದ ಅಂಗಿ. ಆ ದಿನ ಆತ ಅದನ್ನು ತೊಡಲೊಲ್ಲೆನೆಂದ.

ಈಗ ನಮ್ಮ ಮಾತು ಹೇಳಿಬಿಡಬಹುದು. ನಾವು ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಮೇಲಿನ ದರ್ಜೆಯ ಜಾಗ ಒಂದೇ. ಸೀನಿಯಾರಿಟಿಯ ಯಾದಿಯಲ್ಲಿ ನಾಲ್ಕು ವರ್ಷಗಳಿಂದ ನಮ್ಮದು ಎರಡನೆಯ ಹೆಸರು. ಮೊದಲನೆಯ ಹೆಸರಿನವರು ಮರಾಠಿ ಗೃಹಸ್ಥರು. ನಮಗಿಂತ ಹಿರಿಯರು, ಕೆಲಸದಲ್ಲಿಯೂ ಒಂದು ಕೈ ಮೇಲು. ಅವರು ಬರೆದ ಟಿಪ್ಪಣಿಯನ್ನು ನೋಡಿಯೇ ನಾವು ಟಿಪ್ಪಣಿ ಬರೆಯಲು ಕಲಿತದ್ದು. ಆ ಜಾಗ ಅವರದೇ ಎಂಬುದರಲ್ಲಿ ನಮಗಾಗಲಿ ಇನ್ನಾರಿಗಾಗಲಿ ಸಂಶಯವಿರಲಿಲ್ಲ. ಅಷ್ಟರಲ್ಲಿ ಅವರಿಗೆ ಬೆನ್ನುನೋವು ಬಲವಾಗಿ ಶಸ್ತ್ರಕ್ರಿಯೆಯಾಯಿತು. ಕುಳಿತು ಕೆಲಸ ಮಾಡಲಾಗದೆ ಸ್ವಇಚ್ಛೆಯಿಂದ ನಿವೃತ್ತಿ ಪಡೆದರು. ಹದಿನೈದು ದಿನಗಳಲ್ಲಿ ಆಜ್ಞೆ ನಮ್ಮ ಹೆಸರಿಗೆ ಬಂತು. ಚಹದ ಹೊತ್ತಿಗೆ ಒಬ್ಬರು ನಗುತ್ತಲೇ, ಒಬ್ಬರ ಬೆನ್ನು ಹೋಯಿತು ಇನ್ನೊಬ್ಬರಿಗೆ ಕುರ್ಚಿ ಬಂತು ಎಂಬರ್ಥದ ಮಾತನ್ನಾಡಿದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಎರಡು ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಮನೆಯವರು ಕೇಳಿಯೇ ಬಿಟ್ಟರು: "ಅವ್ರ ಬೆನ್ನು ನೀವೇನ ಮುರದ್ರೇನ್ರಿ?"

ಯೋಪನಿಗೂ ಜನ ಇದೇ ಮಾತನ್ನಾಡಿದರು. ಈನೋ ಇದ್ದಿದ್ದರೆ ಇವನು ಗೆಲ್ಲುತ್ತಿದ್ದನೇ? ಅದಕ್ಕೆ ಆತ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಮೂರು ವಾರದ ಪಂದ್ಯದಲ್ಲಿ ಮೈ ಕೆಡದಂತೆ ಉಳಿಯುವುದೂ ಪಂದ್ಯದ ಒಂದು ಭಾಗವೇ ಅಲ್ಲವೆ? ಮಾತು ಸರಿಯೇ ಇದೆ. ಈನೋನ ಮೊಳಕಾಲು ಕೆಟ್ಟದ್ದು ಯಾರದೋ ಕಾರು ಅಡ್ಡ ಬಂದದ್ದರಿಂದಲ್ಲ, ಆತ ಓಡಿಸಿದ ರೀತಿಯಿಂದ. 1974ರಲ್ಲಿ ಇದೇ ಯೋಪನ ತಲೆ ಒಡೆದಾಗ, ಗೆದ್ದ ಮೆರ್ಕ್ಸನನ್ನು ಯಾರೂ ಹೀಗೆ ಕೇಳಲಿಲ್ಲ. ಆದರೂ, ಉತ್ತರ ಇಷ್ಟು ಚೊಕ್ಕವಾಗಿ ಇಟ್ಟುಕೊಂಡವನು ಆ ಒಂದು ದಿನ ಅಂಗಿ ತೊಡಲಿಲ್ಲವೇಕೆ ಎಂಬುದನ್ನು ನಾವು ಬಹಳ ಹೊತ್ತು ಯೋಚಿಸಿದೆವು. ಒಂಬತ್ತು ವರ್ಷದ ಹಿಂದೆ ಮೆರ್ಕ್ಸ್ ಮಾಡಿದುದನ್ನು ನೋಡಿದ್ದ. ಅದಿಷ್ಟೇ ಕಾರಣವಿರಬಹುದು, ಬೇರೆಯೂ ಇರಬಹುದು. ಮರುದಿನದಿಂದ ತೊಟ್ಟ, ತೊಟ್ಟ ಮೇಲೆ ಬಿಡಲಿಲ್ಲ. ಸೇಂತ್ ಎತಿಯೆನ್ನಿನ ಒಂಟಿ ಓಟವನ್ನೂ ಗೆದ್ದ. ಪ್ಯಾರಿಸ್ಸಿಗೆ ಬಂದಾಗ ಎರಡನೆಯವನಿಗಿಂತ 6 ನಿಮಿಷ 55 ಸೆಕೆಂಡು ಮುಂದಿದ್ದ. ಆ ಎರಡನೆಯವನೂ ಹಾಲೆಂಡಿನವನೇ, ಹೆನ್ನಿ ಕೈಪರ್.

ನಾವು ಚಾರ್ಜು ತೆಗೆದುಕೊಂಡ ದಿನ ಹಳೆಯ ಮೇಜಿನಲ್ಲಿಯೇ ಕುಳಿತು ಕೆಲಸ ಮಾಡಿದೆವು. ಸಿಪಾಯಿ ಎರಡು ಸಲ ಬಂದು ಹೊಸ ಕುರ್ಚಿಯ ಧೂಳು ಒರೆಸಿ ನಮ್ಮ ಮುಖ ನೋಡಿ ಹೋದ. ಸಂಜೆ ಆ ಹಿರಿಯರ ಮನೆಗೆ ಹೋದೆವು. ಅವರು ಗೋಡೆಗೆ ದಿಂಬು ಒರಗಿಸಿಕೊಂಡು ಕುಳಿತಿದ್ದರು. ನಾವು ಆಡಬೇಕೆಂದಿದ್ದ ಮಾತುಗಳನ್ನು ಆಡಗೊಡಲಿಲ್ಲ; ಒಬ್ಬ ವಿಧವೆಯ ಪೆನ್ಶನ್ನಿನ ಕಡತ ಎಲ್ಲಿಯ ವರೆಗೆ ಬಂತೆಂದು ಕೇಳಿದರು. ಎದ್ದು ಹೊರಡುವಾಗ, ಮೇಜಿನ ಕೆಳಗಿನ ಖಾನೆಯ ಕೀಲಿಕೈ ಎಡಕ್ಕೆ ಒತ್ತಿ ತಿರುಗಿಸದಿದ್ದರೆ ತೆರೆಯುವುದಿಲ್ಲ ಎಂದರು. ಮರುದಿನ ಒತ್ತಿ ತಿರುಗಿಸಿದೆವು, ತೆರೆಯಿತು.

ಟೂರ್ ಗೆದ್ದವನು ಮನೆಗೆ ಹೋಗಿ ಕುಳಿತನೆಂದು ತಿಳಿಯಬೇಡಿ. 1981ರಲ್ಲಿ ನಾಲ್ಕನೆಯವನು. 1982ರಲ್ಲಿ ಈನೋ ಮೊದಲನೆಯವನು, ಯೋಪ್ ಎರಡನೆಯವನು, ಆರನೆಯ ಸಲ. ಗೆದ್ದ ಮೇಲೆಯೂ ಎರಡನೆಯವನಾಗಲು ನಾಚದ ಈ ಗುಣವನ್ನು ಏನೆಂದು ಕರೆಯಬೇಕೋ ತಿಳಿಯದು.

1985ರ ಸಪ್ಟಂಬರ್ 1ರಂದು ಇಟಲಿಯ ಜಿಯಾವೆರಾ ದೆಲ್ ಮೊಂಟೆಲ್ಲೋ ಎಂಬ ಊರಿನಲ್ಲಿ ಜಾಗತಿಕ ಪಂದ್ಯ. ಇದು ಒಂದೇ ದಿನದ ಓಟ. ಮೊದಲು ಗೆರೆ ಮುಟ್ಟಿದವನೇ ಜಗಜ್ಜೇತ, ಒಂದು ವರ್ಷ ಕಾಮನಬಿಲ್ಲಿನ ಪಟ್ಟೆಗಳ ಅಂಗಿ ತೊಡುವ ಹಕ್ಕು ಅವನದು. ಯೋಪನಿಗೆ 38 ವರ್ಷ ತುಂಬಿ ಒಂಬತ್ತು ತಿಂಗಳು. ಕೊನೆಗೆ ಉಳಿದ ಸಣ್ಣ ಗುಂಪಿನಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಇದ್ದ, ಇಟಲಿಯ ಮೊರೆನೊ ಅರ್ಜೆಂಟಿನ್ ಇದ್ದ. ಎಲ್ಲ ಬಿಸಿರಕ್ತದವರು, ವೇಗದ ಓಟಗಾರರು. ಅವರು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಮುದುಕನನ್ನು ಯಾರೂ ಕಾಯುತ್ತಿರಲಿಲ್ಲ. ಗೆರೆ ಸಮೀಪಿಸಿದಾಗ ಯೋಪ್ ಸದ್ದಿಲ್ಲದೆ ಬದಿಯಿಂದ ಎದ್ದು ಹೊರಟ. ಬೆನ್ನಟ್ಟುವ ಕೆಲಸ ನಿನ್ನದು, ಅಲ್ಲ ನಿನ್ನದು ಎಂದು ಉಳಿದವರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅಂತರ ಬೆಳೆದಿತ್ತು. ಇಷ್ಟು ವರ್ಷ ಇನ್ನೊಬ್ಬರ ಚಕ್ರದ ಹಿಂದಿರುವವನೆಂದು ನಗಿಸಿಕೊಂಡವನು ಅಂದು ಒಬ್ಬನೇ, ಮುಂದೆ ಯಾರೂ ಇಲ್ಲದೆ, ಗಾಳಿ ಸೀಳಿಕೊಂಡು ಬಂದ. ಅಷ್ಟು ವಯಸ್ಸಾದ ಜಗಜ್ಜೇತ ವೃತ್ತಿಪರ ಪುರುಷರ ಈ ಪಂದ್ಯದಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

1986ರಲ್ಲಿ ಆ ಅಂಗಿ ತೊಟ್ಟು ಕೊನೆಯ ಟೂರ್ ಓಡಿಸಿದ. ಒಟ್ಟು 16 ಸಲ ಹೊರಟ, 16 ಸಲವೂ ಪ್ಯಾರಿಸ್ ಮುಟ್ಟಿದ. ಒಮ್ಮೆಯೂ ನಡುದಾರಿಯಲ್ಲಿ ಬಿಡಲಿಲ್ಲ. ಭೂಮಿಯನ್ನು ಒಂದೂವರೆ ಸುತ್ತು ಹಾಕಿದಷ್ಟಾಯಿತು. ಮುಗಿಸಿದವರ ಈ ಲೆಕ್ಕವನ್ನು 2018ರಲ್ಲಿ ಫ್ರಾನ್ಸಿನ ಸಿಲ್ವೇನ್ ಶಾವನೆಲ್ ಸರಿಗಟ್ಟಿದ, ದಾಟಿದವರಿಲ್ಲ. 1987ರಲ್ಲಿ, 40 ತುಂಬಿದ ಮೇಲೆ, ತಾಯ್ನಾಡಿನ ದೊಡ್ಡ ಪಂದ್ಯವಾದ ಆಮ್ಸ್‌ಟೆಲ್ ಗೋಲ್ಡ್ ಗೆದ್ದು ಆ ವರ್ಷವೇ ನಿವೃತ್ತನಾದ. ಹೆಂಡತಿ ಫ್ರೆಂಚ್ ಹೆಣ್ಣುಮಗಳು. ಪ್ಯಾರಿಸ್ಸಿಗೆ ಸಮೀಪದ ಮೋ ಎಂಬ ಊರಿನಲ್ಲಿ ಇಬ್ಬರೂ ಕೂಡಿ ಹೋಟೆಲ್ಲು ನಡೆಸಿದರು. ರೈಪ್‌ವೆಟರಿಂಗ್‌ನಲ್ಲಿ ಆತನ ಪ್ರತಿಮೆಯಿದೆ. ಯೋಪನ ತರುವಾಯ ಹಾಲೆಂಡಿನ ಗಂಡಸರಾರೂ ಟೂರ್ ಗೆದ್ದಿಲ್ಲ. ಹೆಂಗಸರ ಟೂರನ್ನು ಮಾತ್ರ 2022ರಲ್ಲಿ ಆನೆಮೀಕ್ ವಾನ್ ಫ್ಲೂಟನ್, 2023ರಲ್ಲಿ ಡೆಮಿ ವೊಲ್ಲರಿಂಗ್ ಗೆದ್ದು ತಂದರು.

ಇದನ್ನೆಲ್ಲ ಚಿರಂಜೀವಿಗೆ ಹೇಳಿದ್ದರ ಪರಿಣಾಮವಾಗಿ ಹಸಿರು ಹರ್ಕ್ಯುಲಿಸ್ಸಿಗೆ ಹೊಸ ಟಾಯರು-ಟ್ಯೂಬುಗಳು ಬಂದಿವೆ. ಸೊಸಾಯಿಟಿಯ ಕಾರ್ಯದರ್ಶಿಗಳು ನೋಟೀಸನ್ನು ಸದ್ಯಕ್ಕೆ ಹಿಂದೆಗೆದುಕೊಂಡಿದ್ದಾರೆ. ಹಿಂದಿನ ರವಿವಾರ ಅಜ್ಜ ಮೊಮ್ಮಗನನ್ನು ಕ್ಯಾರಿಯರ್ ಮೇಲೆ ಕೂಡ್ರಿಸಿಕೊಂಡು ನಿಗಡಿಯ ಕಡೆಗೆ ಹೋದರು. ಏರು ಬಂದಾಗ ಇಳಿದು ತಳ್ಳಬೇಕಾಯಿತಂತೆ. ಮನೆಗೆ ಬಂದವನೇ ಮೊಮ್ಮಗ, ಟೂರ್‌ನಲ್ಲಿ ಹೀಗೆ ಇಳಿದು ತಳ್ಳಿದರೆ ಓಡಿಸುತ್ತಾರೋ ಏನೋ ಎಂದು ನಮ್ಮನ್ನು ಕೇಳಿದ. ನಡೆದುಕೊಂಡೇ ಗೆರೆ ದಾಟಿದರೂ ನಡೆಯುತ್ತದೆ, ಸೈಕಲ್ಲು ಜೊತೆಗಿದ್ದರೆ ಸಾಕೆಂದು ನಿಯಮವಿದೆ ಎಂದೆವು.

"ಕೇಳಿದೇನಜ್ಜಾ?" ಎಂದು ಅವನು ಒಳಗೆ ಓಡಿದ.